ಅಡುಗೆ ಕಟ್ಟೆಯ ಕಲ್ಲು: ಬಣ್ಣ ತೋರಿಸಿ ಮಾರುವುದೇ, ಗುಣ ಹೇಳಿ ಮಾರುವುದೇ?

ಅಡುಗೆ ಕಟ್ಟೆಗೆ ಕಲ್ಲು ಆರಿಸಲು ಅಂಗಡಿಗೆ ಬರುವ ಗ್ರಾಹಕರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಚದರ ಅಡಿಗೆ ದರ ಎಷ್ಟು, ಇದಕ್ಕಿಂತ ಕಪ್ಪಾದದ್ದು ಇದೆಯೇ? ವರ್ತಕರು ಈ ಎರಡಕ್ಕೆ ಉತ್ತರ ಕೊಟ್ಟು ವ್ಯವಹಾರ ಮುಗಿಸುತ್ತಾರೆ. ಕಲ್ಲಿನ ಗುಣದ ಮಾತು ಮೊದಲ ಬಾರಿಗೆ ಬರುವುದು ಆರೆಂಟು ತಿಂಗಳ ನಂತರ, ಅದೇ ಗ್ರಾಹಕರು ದೂರು ಹೊತ್ತು ಮರಳಿದಾಗ. ಸಿಂಕಿನ ಸುತ್ತ ಕಪ್ಪು ಬಣ್ಣ ಬೂದಿಗೆ ತಿರುಗಿದೆ, ನಿಂಬೆಹಣ್ಣು ಹಿಂಡಿದ ಕಡೆ ಹೊಳಪು ಹೋಗಿದೆ, ಒಲೆಯ ಮೂಲೆಯಿಂದ ಸೀಳು ಹೊರಟಿದೆ ಎಂಬ ದೂರುಗಳಿಗೆ ಆಗ ಯಾರಲ್ಲಿಯೂ ಸಮರ್ಪಕ ಉತ್ತರವಿರುವುದಿಲ್ಲ. ಹಣ ಸಂದಾಯವಾಗಿರುತ್ತದೆ, ಕಲ್ಲು ಗಾರೆಯಲ್ಲಿ ಕುಳಿತಿರುತ್ತದೆ, ಹಿಂದಿನ ಗೋಡೆಗೆ ಟೈಲ್ಸ್ ಕೂಡ ಅಂಟಿರುತ್ತದೆ. ಮಾತು ಜಗಳಕ್ಕೆ ತಿರುಗುತ್ತದೆ.

ಕರ್ನಾಟಕದ ಕಲ್ಲು ಉದ್ದಿಮೆಗೆ ಇದು ಚಿಕ್ಕ ಸಂಗತಿಯಲ್ಲ. ಇಳಕಲ್ ಮತ್ತು ಕುಷ್ಟಗಿ ಭಾಗದ ಕೆಂಪು ಕಲ್ಲು, ಚಾಮರಾಜನಗರದ ಕಪ್ಪು ಕಲ್ಲು, ಕನಕಪುರದ ಸುತ್ತಲಿನ ಬಹುವರ್ಣದ ಕಲ್ಲು, ಹಾಸನದ ಹಸಿರು ಕಲ್ಲು ದೇಶವಿದೇಶಗಳ ಮಾರುಕಟ್ಟೆಯಲ್ಲಿ ಹೆಸರು ಪಡೆದಿವೆ. ಬೆಂಗಳೂರಿನ ಹೊರವಲಯದ ಜಿಗಣಿಯಲ್ಲಿ ಕಲ್ಲು ಕೊಯ್ದು ಹೊಳಪು ಕೊಡುವ ಘಟಕಗಳು ಸಾಲಾಗಿ ನಿಂತಿವೆ. ಇಷ್ಟಿದ್ದರೂ ನಗರಗಳ ಹೊಸ ಮನೆಗಳಲ್ಲಿ ಅಡುಗೆ ಕಟ್ಟೆಯ ಜಾಗವನ್ನು ಕ್ವಾರ್ಟ್ಸ್ ಎಂದು ಕರೆಯಲಾಗುವ ಕೃತಕ ಕಲ್ಲು ಮತ್ತು ಪೋರ್ಸಲೇನ್ ಹಲಗೆಗಳು ಮೆಲ್ಲಗೆ ಆಕ್ರಮಿಸುತ್ತಿವೆ. ನೈಸರ್ಗಿಕ ಕಲ್ಲು ಗುಣದಲ್ಲಿ ಸೋತಿದೆ ಎಂದು ಇದಕ್ಕೆ ಕಾರಣ ಹೇಳುವುದು ತಪ್ಪಾಗುತ್ತದೆ. ಕಾರ್ಖಾನೆಯ ಸರಕು ಮುದ್ರಿತ ಕೈಪಿಡಿ, ನಿಗದಿತ ದಪ್ಪ ಮತ್ತು ಖಾತರಿ ಪತ್ರದೊಡನೆ ಬರುತ್ತದೆ. ನೈಸರ್ಗಿಕ ಕಲ್ಲಾದರೋ ಒಂದು ಚೆಂದದ ಹೆಸರಿನೊಡನೆ ಬರುತ್ತದೆ, ಅಷ್ಟೆ. ಗ್ರಾಹಕರ ವಿಶ್ವಾಸ ಯಾವ ಕಡೆಗೆ ವಾಲುವುದೆಂದು ಊಹಿಸುವುದು ಕಷ್ಟವಲ್ಲ.

ಆ ಹೆಸರಿನಿಂದಲೇ ತೊಡಕು ಆರಂಭವಾಗುತ್ತದೆ. ವ್ಯಾಪಾರದಲ್ಲಿ ಗಟ್ಟಿಯಾಗಿದ್ದು ಹೊಳಪು ಹಿಡಿಯುವ ಕಲ್ಲೆಲ್ಲವೂ ಗ್ರಾನೈಟ್. ಭೂವಿಜ್ಞಾನಿಗಳಿಗೆ ಹಾಗಲ್ಲ, ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್ ಖನಿಜಗಳು ಮುಖ್ಯವಾಗಿದ್ದು ಭೂಗರ್ಭದಲ್ಲಿ ನಿಧಾನವಾಗಿ ತಣಿದ ಶಿಲೆ ಮಾತ್ರ ಅವರ ಪಾಲಿಗೆ ಗ್ರಾನೈಟ್. ಹಿಂದೆ ಕ್ಲೋಸ್‌ಪೇಟೆ ಎನ್ನಿಸಿಕೊಂಡಿದ್ದ ರಾಮನಗರದ ಬೆಟ್ಟಗಳು ಅಂಥ ನಿಜವಾದ ಗ್ರಾನೈಟಿನವು, ಸುಮಾರು 250 ಕೋಟಿ ವರ್ಷ ಹಳೆಯವು. ಚಾಮರಾಜನಗರದ ಕಪ್ಪು ಕಲ್ಲಾದರೋ ಡಾಲರೈಟ್ ಎಂಬ ಬೇರೆಯೇ ಜಾತಿ. ಆಂಧ್ರದ ಚೀಮಕುರ್ತಿಯಿಂದ ಬರುವ, ಹೊನ್ನಿನ ಚುಕ್ಕೆಗಳುಳ್ಳ ಗ್ಯಾಲಕ್ಸಿ ಕೂಡ ಗ್ಯಾಬ್ರೊ ವರ್ಗಕ್ಕೆ ಸೇರಿದ್ದೇ ಹೊರತು ಗ್ರಾನೈಟ್ ಅಲ್ಲ. ಹೆಸರಿನ ಈ ಸಡಿಲತೆಯಿಂದ ಇಲ್ಲಿ ಯಾರಿಗೂ ನಷ್ಟವಿಲ್ಲ. ಈ ಕಪ್ಪು ಕಲ್ಲುಗಳು ಒತ್ತಾದ ಹೆಣಿಗೆಯವು, ನೀರು ಹೀರುವುದು ಅತ್ಯಲ್ಪ, ಅಡುಗೆಮನೆಗೆ ಇವಕ್ಕಿಂತ ಒಳ್ಳೆಯ ಕಲ್ಲು ಸಿಗುವುದು ಅಪರೂಪ.

ನಷ್ಟವಾಗುವುದು ಸುಣ್ಣದ ಅಂಶವಿರುವ ಕಲ್ಲನ್ನು ಗ್ರಾನೈಟಿನ ಸಾಲಿನಲ್ಲಿ ನಿಲ್ಲಿಸಿದಾಗ. ಅಮೃತಶಿಲೆ, ಕಡಪಾ, ಶಹಾಬಾದ್, ಕೋಟಾ ಇವೆಲ್ಲವೂ ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟಿನ ಕಲ್ಲುಗಳು. ಆಮ್ಲ ತಗುಲಿದ ಕೂಡಲೇ ಇವುಗಳ ಮೇಲ್ಮೈ ಕರಗತೊಡಗುತ್ತದೆ. ಅಲ್ಲಿ ಉಳಿಯುವ ಗುರುತು ಒರೆಸಿ ತೆಗೆಯಬಹುದಾದ ಕಲೆಯಲ್ಲ, ಕಲ್ಲೇ ಸವೆದು ಹೋದ ಜಾಗ. ಮತ್ತೆ ಹೊಳಪು ಕೊಡದೆ ಅದು ಮಾಯುವುದಿಲ್ಲ. ಮೇಲೆ ಲೇಪಿಸುವ ಸೀಲರ್ ದ್ರವ ಇದನ್ನು ತಡೆಯುವುದೂ ಇಲ್ಲ. ಅದರ ಕೆಲಸ ಎಣ್ಣೆ, ನೀರು ಒಳಗಿಳಿಯದಂತೆ ನೋಡಿಕೊಳ್ಳುವುದಷ್ಟೆ. ಹುಣಸೆಹುಳಿ, ನಿಂಬೆರಸ, ಮೊಸರು, ಟೊಮೇಟೊ ಇಲ್ಲದ ದಿನವೇ ಇಲ್ಲದ ಅಡುಗೆಮನೆಗೆ ಬಿಳಿ ಅಮೃತಶಿಲೆಯನ್ನು ಮಾರುವಾಗ ಈ ಒಂದು ಮಾತನ್ನು ಹೇಳದಿರುವುದು ವ್ಯಾಪಾರದ ಜಾಣ್ಮೆ ಎನಿಸಲಾರದು. ಕಡಪಾ ಕಲ್ಲಿನ ಕಟ್ಟೆಗಳು ಎಷ್ಟೋ ಹಳೆಯ ಮನೆಗಳಲ್ಲಿ ದಶಕಗಳ ಕಾಲ ಬಾಳಿರುವುದು ನಿಜ. ಆದರೆ ಆ ಮನೆಯವರು ಅದರಿಂದ ಕನ್ನಡಿಯ ಹೊಳಪನ್ನು ನಿರೀಕ್ಷಿಸಿರಲಿಲ್ಲ.

ಹಿಂದಿನವರಿಗೆ ಈ ವಿವೇಚನೆ ಇತ್ತೆಂಬುದು ಅಡುಗೆಮನೆಯ ಹಳೆಯ ಸಾಮಾನುಗಳನ್ನು ನೋಡಿದರೆ ತಿಳಿಯುತ್ತದೆ. ಖಾರ, ಹುಳಿ, ಉಪ್ಪು ಬಿದ್ದು ದಿನವೂ ತಿಕ್ಕಾಟ ನಡೆಯುವ ಒರಳಿಗೆ ಗಟ್ಟಿ ಬಂಡೆಯ ಕಲ್ಲನ್ನೇ ಆರಿಸಲಾಗುತ್ತಿತ್ತು. ಉಪ್ಪಿನಕಾಯಿ, ಹುಳಿ ಇಡುವ ಮರಿಗೆಗೆ ಬಳಪದ ಕಲ್ಲು ಬಳಕೆಯಾಗುತ್ತಿತ್ತು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕೆತ್ತಿದ್ದೂ ಇದೇ ಜಾತಿಯ ಕಲ್ಲನ್ನು. ಉಗುರಿನಿಂದ ಗೀರಬಹುದಾದಷ್ಟು ಮೃದುವಾದರೂ ಬಳಪದ ಕಲ್ಲು ಹುಳಿಗೆ ಜಗ್ಗುವುದಿಲ್ಲ. ಗಟ್ಟಿತನ ಬೇರೆ, ಹುಳಿಯನ್ನು ತಾಳುವ ಗುಣ ಬೇರೆ ಎಂಬುದನ್ನು ಆ ಕಾಲದ ಮನೆಯೊಡತಿಯರು ಬಲ್ಲವರಾಗಿದ್ದರು. ಇಂದಿನ ಮಾರಾಟ ಮಳಿಗೆಗಳಲ್ಲಿ ಈ ಎರಡೂ ಒಂದೇ ಎಂಬಂತೆ ಮಾತಾಡುವುದು ಕೇಳಿಬರುತ್ತದೆ.

ಇವನ್ನು ಪರೀಕ್ಷಿಸಲು ಪ್ರಯೋಗಾಲಯವೇನೂ ಬೇಕಿಲ್ಲ. ಮಾದರಿ ತುಂಡಿನ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷದ ನಂತರ ಒರೆಸಿ, ಓರೆಯಾಗಿ ಬೆಳಕಿಗೆ ಹಿಡಿದರೆ ಸುಣ್ಣದ ಕಲ್ಲು ತಾನೇ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಈಚೆಗೆ ಕ್ವಾರ್ಟ್ಸೈಟ್ ಎಂಬ ಹೆಸರಿನಲ್ಲಿ ದುಬಾರಿ ದರಕ್ಕೆ ಮಾರಾಟವಾಗುವ ಕೆಲವು ಬಿಳಿ ಕಲ್ಲುಗಳು ವಾಸ್ತವದಲ್ಲಿ ಡಾಲಮೈಟ್ ಆಗಿರುವುದುಂಟು. ನಿಜವಾದ ಕ್ವಾರ್ಟ್ಸೈಟ್ ಗಾಜನ್ನು ಸಲೀಸಾಗಿ ಗೀರುತ್ತದೆ. ಡಾಲಮೈಟ್ ಮತ್ತು ಅಮೃತಶಿಲೆಗೆ ಆ ಶಕ್ತಿ ಇಲ್ಲ. ಕಿಟಕಿಯ ಗಾಜಿನ ಒಂದು ಚೂರು ಅಂಗಡಿಯಲ್ಲಿದ್ದರೆ ಸಗಟು ಖರೀದಿಗೆ ಹೋಗುವ ವರ್ತಕರಿಗೂ ಅದರಿಂದ ಪ್ರಯೋಜನವಿದೆ. ಗ್ರಾಹಕರಿಗಿಂತ ಮೊದಲು ಮೋಸ ಹೋಗುವವರು ಬಹಳ ಸಲ ವರ್ತಕರೇ.

ಬಿಳಿ ಮತ್ತು ತಿಳಿ ಬಣ್ಣದ ಗ್ರಾನೈಟ್‌ಗಳ ವಿಷಯ ಬೇರೆ. ಇವು ಹುಳಿಗೆ ಹೆದರುವುದಿಲ್ಲ, ಆದರೆ ಕೆಲವು ಜಾತಿಗಳು ಎಣ್ಣೆ ಮತ್ತು ಅರಿಶಿನವನ್ನು ಹೀರಿಕೊಳ್ಳುತ್ತವೆ. ಕಬ್ಬಿಣಾಂಶವಿರುವ ಖನಿಜ ಬೆರೆತಿದ್ದರೆ ಸಿಂಕಿನ ತೇವದಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳೂ ಏಳಬಹುದು. ಕಲ್ಲಿನ ಹೀರಿಕೆಯನ್ನು ಅಳೆಯುವ ವಿಧಾನವನ್ನು ಭಾರತೀಯ ಮಾನಕ ಐಎಸ್ 1124 ತಿಳಿಸುತ್ತದೆ. ಅಮೆರಿಕದ ಎಎಸ್‌ಟಿಎಂ ಸಿ 615 ಮಾನಕವು ಗ್ರಾನೈಟಿನ ಹೀರಿಕೆ ತೂಕದ ಶೇ. 0.40 ಮೀರಬಾರದೆನ್ನುತ್ತದೆ. ರಫ್ತು ಮಾಡುವ ಘಟಕಗಳಿಗೆ ಇಂಥ ಪರೀಕ್ಷೆಗಳು ಹೊಸದಲ್ಲ. ಹೊರದೇಶದ ಖರೀದಿದಾರರಿಗೆ ಕೊಡುವ ಈ ಅಂಕಿಯನ್ನು ತುಮಕೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆ ಕಟ್ಟುವವರಿಗೆ ಏಕೆ ಕೊಡಬಾರದೆಂಬುದಕ್ಕೆ ಸಕಾರಣ ತೋರುವುದಿಲ್ಲ. ಅಂಕಿ ಇಲ್ಲದ ಕಡೆ ಒಂದು ಚಮಚ ನೀರು ಸಾಕು. ಕೆಲವೇ ನಿಮಿಷಗಳಲ್ಲಿ ನೀರು ಬಿದ್ದ ಜಾಗ ಕಪ್ಪಿಟ್ಟರೆ ಆ ಕಲ್ಲಿಗೆ ಸೀಲರ್ ಅಗತ್ಯ, ಅದನ್ನು ಕಾಲಕಾಲಕ್ಕೆ ಮತ್ತೆ ಹಚ್ಚುವುದೂ ಅಗತ್ಯ. ಒತ್ತಾದ ಕಪ್ಪು ಕಲ್ಲಿಗೆ ಸೀಲರ್ ಮಾರುವುದು ಅನಗತ್ಯ ಖರ್ಚು ಹೊರಿಸಿದಂತೆ.

ಕಪ್ಪು ಕಲ್ಲಿನಲ್ಲಿ ನಡೆಯುವ ಮೋಸವನ್ನು ಉದ್ದಿಮೆಯವರು ಬಲ್ಲರು, ಬಹಿರಂಗವಾಗಿ ಮಾತಾಡುವುದಿಲ್ಲ. ಅಪ್ಪಟ ಕಪ್ಪಿಗೆ ಬೇಡಿಕೆ ಹೆಚ್ಚು, ಸಿಗುವುದು ಕಡಿಮೆ. ಆದ್ದರಿಂದ ಬೂದು ಛಾಯೆಯ ಅಗ್ಗದ ಕಲ್ಲಿಗೆ ಬಣ್ಣ ಅಥವಾ ಎಣ್ಣೆ ಕುಡಿಸಿ ಕಪ್ಪಾಗಿಸುವ ಪರಿಪಾಠ ಬೆಳೆದಿದೆ. ಸಾಬೂನು, ಬಿಸಿನೀರು, ತಿಕ್ಕಾಟ ಹೆಚ್ಚಾಗಿರುವ ಸಿಂಕಿನ ಬದಿಯಲ್ಲಿಯೇ ಬಣ್ಣ ಮೊದಲು ಬಿಡುವುದು ಇದರಿಂದ. ಬಿಳಿ ಬಟ್ಟೆಗೆ ಅಸಿಟೋನ್ ಹಚ್ಚಿ ಕಲ್ಲನ್ನು ಉಜ್ಜಿದಾಗ ಬಟ್ಟೆ ಕಪ್ಪಾದರೆ ಕಲ್ಲು ಬಣ್ಣ ಕಂಡಿದೆ ಎಂದರ್ಥ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕಲ್ಲಿನ ಸೂಕ್ಷ್ಮ ಬಿರುಕುಗಳಿಗೆ ರೆಸಿನ್ ತುಂಬಿ ಹೊಳಪು ಕೊಡುವುದು ಜಗತ್ತಿನೆಲ್ಲೆಡೆ ಒಪ್ಪಿತವಾದ ಸಂಸ್ಕರಣೆ, ಅದರಲ್ಲಿ ವಂಚನೆಯಿಲ್ಲ; ಹೇಳಿ ಮಾಡಿದರೆ ಸಾಕು. ಬಣ್ಣ ಹಾಕಿದ್ದನ್ನು ಅಪ್ಪಟ ಕಪ್ಪೆಂದು ಮಾರುವುದು ವಂಚನೆಯೇ.

ಹಾಗೆಂದು ಪ್ರತಿ ದೂರೂ ಸಾಚಾ ಎನ್ನಲಾಗದು. ಬಯಲುಸೀಮೆಯ ಬಹುಪಾಲು ಮನೆಗಳಲ್ಲಿ ಬಳಕೆಯಾಗುವುದು ಕೊಳವೆಬಾವಿಯ ಗಡಸು ನೀರು. ಅದು ಆರಿದ ಕಡೆಯೆಲ್ಲ ಬಿಳಿ ಪೊರೆ ಕಟ್ಟುತ್ತದೆ, ಕಪ್ಪು ಕಲ್ಲಿನ ಮೇಲೆ ಎದ್ದು ಕಾಣುತ್ತದೆ. ಇದು ನೀರಿನ ಸುಣ್ಣವೇ ಹೊರತು ಕಲ್ಲಿನ ದೋಷವಲ್ಲ. ಅದನ್ನು ತೆಗೆಯಲು ಶೌಚಾಲಯಕ್ಕೆ ಬಳಸುವ ಆಸಿಡ್ ಸುರಿದು ಕಲ್ಲಿನ ಹೊಳಪನ್ನೂ ಸಂದಿನ ಗಾರೆಯನ್ನೂ ಹಾಳುಮಾಡಿಕೊಳ್ಳುವವರಿದ್ದಾರೆ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿರುವ ಹೈಡ್ರೋಫ್ಲೋರಿಕ್ ಆಮ್ಲವಂತೂ ಗ್ರಾನೈಟನ್ನೂ ಬಿಡುವುದಿಲ್ಲ. ದಿನವೂ ಒಣಬಟ್ಟೆಯಿಂದ ಒರೆಸಿ, ಆಸಿಡ್ ಮುಟ್ಟಿಸಬೇಡಿ ಎಂದು ಬಿಲ್ಲಿನ ಹಿಂಬದಿಯಲ್ಲಿ ಎರಡು ಸಾಲು ಮುದ್ರಿಸಿದ್ದರೆ ಈ ಬಗೆಯ ದೂರುಗಳು ಹುಟ್ಟುತ್ತಲೇ ಇರಲಿಲ್ಲ.

ಇನ್ನು ದಪ್ಪದ ಮಾತು. 20 ಮಿ.ಮೀ. ಎಂದು ಹೇಳಿ 16 ಅಥವಾ 17 ಮಿ.ಮೀ. ಕಲ್ಲು ಕೊಡುವುದು ಚಿಲ್ಲರೆ ವ್ಯಾಪಾರದಲ್ಲಿ ಎಷ್ಟು ಸಹಜವಾಗಿದೆಯೆಂದರೆ ಅದನ್ನು ತಪ್ಪೆಂದು ಭಾವಿಸುವವರೇ ಇಲ್ಲ. ಮುಂಭಾಗದ ಅಂಚಿಗೆ ಪಟ್ಟಿ ಅಂಟಿಸಿ ಮೋಲ್ಡಿಂಗ್ ಮಾಡಿದ ಮೇಲೆ ಒಳಗಿನ ದಪ್ಪ ಯಾರಿಗೂ ಕಾಣುವುದಿಲ್ಲ. ಆದರೆ ಲೆಕ್ಕ ಕಾಣುತ್ತದೆ. ಕಲ್ಲಿನ ಹಲಗೆಯ ಬಾಗು ಶಕ್ತಿ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. 20 ಮಿ.ಮೀ. ಬದಲು 16 ಮಿ.ಮೀ. ಹಾಕಿದರೆ ಕಲ್ಲಿನಲ್ಲಿ ಉಳಿತಾಯವಾಗುವುದು ಶೇ. 20, ಶಕ್ತಿಯಲ್ಲಿ ಕಳೆದುಕೊಳ್ಳುವುದು ಶೇ. 36. ತೂಕವೂ ಸಾಕ್ಷಿ ಹೇಳುತ್ತದೆ. 10 ಅಡಿ ಉದ್ದ, 2 ಅಡಿ ಅಗಲದ 20 ಮಿ.ಮೀ. ಗ್ರಾನೈಟ್ ಹಲಗೆ ಸುಮಾರು 100 ಕಿಲೋ ತೂಗುತ್ತದೆ, 16 ಮಿ.ಮೀ. ಆದರೆ 80 ಕಿಲೋ. ಕೆಳಗೆ ಪೂರ್ತಿ ಕಾಂಕ್ರೀಟ್ ಹಲಗೆ ಇದ್ದ ಕಾಲದಲ್ಲಿ ಈ ಕೊರತೆ ಮರೆಯಾಗುತ್ತಿತ್ತು. ಈಗ ಮಾಡ್ಯುಲರ್ ಅಡುಗೆಮನೆಗಳಲ್ಲಿ ಕಲ್ಲು ನೇರವಾಗಿ ಮರದ ಪೆಟ್ಟಿಗೆಗಳ ಮೇಲೆ ಕೂರುತ್ತದೆ, ನಡುವೆ ಆಧಾರವಿಲ್ಲದ ಜಾಗವೂ ಇರುತ್ತದೆ. ಮೊದಲ ಸೀಳು ಸಿಂಕ್ ಅಥವಾ ಒಲೆಗೆಂದು ಕೊರೆದ ಕಿಂಡಿಯ ಮೂಲೆಯಿಂದಲೇ ಹೊರಡುತ್ತದೆ. ಆ ಮೂಲೆಯನ್ನು ಚೌಕವಾಗಿ ಬಿಡದೆ ದುಂಡಗೆ ಕೊರೆಯುವುದು, ಕಿಂಡಿಯ ಮುಂದಿನ ಕಿರಿದಾದ ಪಟ್ಟಿಗೆ ಕೆಳಗಿನಿಂದ ಆಧಾರ ಕೊಡುವುದು ಅನುಭವಿ ಕೆಲಸಗಾರರಿಗೆ ಗೊತ್ತಿರುವ ಸಂಗತಿಯೇ. ಅವಸರದ ಗುತ್ತಿಗೆಯಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ.

ಕೃತಕ ಕ್ವಾರ್ಟ್ಸ್‌ನೊಂದಿಗೆ ಹೋಲಿಸುವಾಗಲೂ ಸತ್ಯವನ್ನೇ ಹೇಳುವುದು ಲಾಭಕರ. ಶೇ. 90ರ ಆಸುಪಾಸು ಕ್ವಾರ್ಟ್ಸ್ ಪುಡಿಗೆ ಪ್ಲಾಸ್ಟಿಕ್ ಜಾತಿಯ ರೆಸಿನ್ ಬೆರೆಸಿ ಒತ್ತಿ ತಯಾರಿಸುವ ಈ ಹಲಗೆ ಒಂದೇ ಬಣ್ಣದಲ್ಲಿ ಬೇಕಾದಷ್ಟು ಸಿಗುತ್ತದೆ, ಎಣ್ಣೆ ಹೀರುವುದಿಲ್ಲ, ಹುಳಿಗೂ ಹೆದರುವುದಿಲ್ಲ. ಬಿಳಿ ಕಟ್ಟೆ ಬೇಕೇಬೇಕೆನ್ನುವ ಗ್ರಾಹಕರಿಗೆ ಅಮೃತಶಿಲೆಗಿಂತ ಇದು ಮೇಲೆಂದು ಒಪ್ಪಿಕೊಂಡರೆ ಕಲ್ಲು ವರ್ತಕರ ಮಾನಕ್ಕೇನೂ ಕುಂದಿಲ್ಲ. ಅದರ ದೌರ್ಬಲ್ಯ ಶಾಖದಲ್ಲಿದೆ. ಒಲೆಯಿಂದ ಇಳಿಸಿದ ದೋಸೆಯ ಹಂಚನ್ನೋ ಎಣ್ಣೆ ಕಾದ ಬಾಣಲೆಯನ್ನೋ ನೇರವಾಗಿ ಇಟ್ಟರೆ ರೆಸಿನ್ ಕಂದಿ, ಅಳಿಸಲಾಗದ ಗುರುತು ಬೀಳುತ್ತದೆ. ದಿನಕ್ಕೆ ಎರಡು ಹೊತ್ತು ಒಲೆ ಉರಿಯುವ ಮನೆಗೆ ಇದು ಸಣ್ಣ ವಿಚಾರವಲ್ಲ. ಬಿಸಿಲು ಬೀಳುವ ಕಡೆಯೂ ಅದರ ಬಣ್ಣ ಮಾಸುತ್ತದೆ. ಗ್ರಾನೈಟ್ ಈ ಎರಡನ್ನೂ ಸಹಿಸುತ್ತದೆ.

ಕ್ವಾರ್ಟ್ಸ್ ವಿರುದ್ಧ ಈಚೆಗೆ ಮತ್ತೊಂದು ವಾದ ಕೇಳಿಬರುತ್ತಿದೆ. ಆಸ್ಟ್ರೇಲಿಯವು 2024ರ ಜುಲೈ 1ರಿಂದ ಕೃತಕ ಕಲ್ಲಿನ ಹಲಗೆಗಳ ತಯಾರಿಕೆ, ಪೂರೈಕೆ, ಕತ್ತರಿಸುವಿಕೆ ಮತ್ತು ಅಳವಡಿಕೆಯನ್ನು ನಿಷೇಧಿಸಿತು. 2025ರ ಜನವರಿ 1ರಿಂದ ಆಮದಿಗೂ ತಡೆ ಬಂತು. ಕತ್ತರಿಸುವಾಗ ಏಳುವ ಸಿಲಿಕಾ ಧೂಳಿನಿಂದ ಯುವ ಕಾರ್ಮಿಕರು ಸಿಲಿಕೋಸಿಸ್ ಎಂಬ, ಗುಣವಾಗದ ಶ್ವಾಸಕೋಶದ ರೋಗಕ್ಕೆ ತುತ್ತಾದದ್ದು ಈ ಕ್ರಮಕ್ಕೆ ಕಾರಣ. ನೈಸರ್ಗಿಕ ಕಲ್ಲಿನ ವರ್ತಕರು ಇದನ್ನು ತಮ್ಮ ಪರವಾದ ಪ್ರಚಾರಕ್ಕೆ ಬಳಸುವ ಮುನ್ನ ತಮ್ಮ ಅಂಗಳವನ್ನೊಮ್ಮೆ ನೋಡಿಕೊಳ್ಳುವುದು ಒಳಿತು. ಕೃತಕ ಕಲ್ಲಿಗೆ ಹೋಲಿಸಿದರೆ ಗ್ರಾನೈಟಿನಲ್ಲಿ ಕ್ವಾರ್ಟ್ಸ್ ಪ್ರಮಾಣ ಬಹಳ ಕಡಿಮೆ ನಿಜ, ಇಲ್ಲವೆನ್ನುವಂತಿಲ್ಲ. ಅದರ ಧೂಳು ಕೂಡ ಅದೇ ರೋಗ ತರುತ್ತದೆ. 1948ರ ಕಾರ್ಖಾನೆಗಳ ಕಾಯಿದೆಯ ಕಾಲದಿಂದಲೂ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಘಟಕಗಳಲ್ಲಿ ನೀರು ಹಾಯಿಸಿ ಕೊಯ್ಯುವ ವ್ಯವಸ್ಥೆ ಬಹುಮಟ್ಟಿಗೆ ಬಂದಿದೆ. ಅಪಾಯ ಉಳಿದಿರುವುದು ಮನೆಯ ಬಾಗಿಲಲ್ಲಿ. ಸಿಂಕಿನ ಕಿಂಡಿಯನ್ನು ಕಟ್ಟಡದ ಮೆಟ್ಟಿಲ ಮೇಲೋ ಬಾಲ್ಕನಿಯಲ್ಲೋ ಕುಳಿತು ಕೈಯಂತ್ರದಿಂದ ಒಣದಾಗಿಯೇ ಕೊರೆಯುವ ಹುಡುಗನ ಬಾಯಿಗೆ ಕಟ್ಟಿರುವುದು ಒಂದು ಕರವಸ್ತ್ರ. ಆ ಬಟ್ಟೆ ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಕಿಂಡಿಯ ಅಳತೆಯನ್ನು ಮೊದಲೇ ತರಿಸಿಕೊಂಡು ಘಟಕದಲ್ಲಿ ನೀರಿನಡಿ ಕೊರೆಸಿ ಕಳಿಸಿದರೆ ಮೂಲೆಯೂ ದುಂಡಾಗುತ್ತದೆ, ಹುಡುಗನ ಎದೆಯೂ ಉಳಿಯುತ್ತದೆ. ಸಾಗಣೆಯಲ್ಲಿ ಒಡೆಯುವ ಭಯ ಇದಕ್ಕೆ ಹೇಳುವ ಅಡ್ಡಿ. ಕಿಂಡಿಯ ಎರಡೂ ಬದಿಗೆ ಮರದ ಪಟ್ಟಿ ಬಿಗಿದು ಹಲಗೆಯನ್ನು ನಿಲ್ಲಿಸಿ ಸಾಗಿಸಿದರೆ ಆ ಭಯ ಬಹಳಮಟ್ಟಿಗೆ ತಗ್ಗುತ್ತದೆ.

ಇಷ್ಟೆಲ್ಲ ವಿವರ ಹೇಳುತ್ತ ಕುಳಿತರೆ ಗ್ರಾಹಕರು ಪಕ್ಕದ ಅಂಗಡಿಗೆ ನಡೆಯುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ. ಅದನ್ನು ತಳ್ಳಿಹಾಕುವಂತಿಲ್ಲ, ಚದರ ಅಡಿಗೆ 20 ರೂಪಾಯಿ ಕಡಿಮೆ ಎಂದರೆ ಎದ್ದು ಹೋಗುವವರು ಇದ್ದಾರೆ. ಆದರೆ 20 ಚದರ ಅಡಿಯ ಕಟ್ಟೆಗೆ ಆ ವ್ಯತ್ಯಾಸ 400 ರೂಪಾಯಿ. ಅದೇ ಕಟ್ಟೆಯನ್ನು ಕಿತ್ತು ಬೇರೆ ಹಾಕಬೇಕಾಗಿ ಬಂದರೆ ಕಲ್ಲಿನ ಬೆಲೆಯ ಜೊತೆಗೆ ಗೋಡೆಯ ಟೈಲ್ಸ್, ನಲ್ಲಿ ಕೆಲಸ, ಎರಡು ದಿನದ ಕೂಲಿ ಎಲ್ಲವೂ ಸೇರುತ್ತವೆ. ಈ ಲೆಕ್ಕವನ್ನು ಗ್ರಾಹಕರ ಮುಂದೆ ಕಾಗದದ ಮೇಲೆ ಬರೆದು ತೋರಿಸಿದರೆ ಎದ್ದು ಹೋಗುವವರ ಸಂಖ್ಯೆ ಕಡಿಮೆಯಾಗುತ್ತದೆ. ವಾಸ್ತುಶಿಲ್ಪಿಗಳು, ಮೇಸ್ತ್ರಿಗಳು ಗ್ರಾಹಕರನ್ನು ಮತ್ತೆ ಮತ್ತೆ ಕಳಿಸುವುದು ದೂರು ಬಾರದ ಅಂಗಡಿಗೇ.

ವಿವರ ಬರೆದುಕೊಡಲು ಹಿಂಜರಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಲ್ಲಿನ ಚಿಲ್ಲರೆ ವ್ಯಾಪಾರದ ಒಂದು ಪಾಲು ಇಂದಿಗೂ ಕಚ್ಚಾ ಚೀಟಿಯಲ್ಲಿ ನಡೆಯುತ್ತದೆ. 2017ರ ಜುಲೈಯಲ್ಲಿ ಹೊಳಪು ಕೊಟ್ಟ ಹಲಗೆಗಳ ಮೇಲೆ ಶೇ. 28ರ ಜಿಎಸ್‌ಟಿ ಬಿದ್ದಾಗ ಈ ಚಾಳಿಗೆ ಒಂದು ನೆಪವಾದರೂ ಇತ್ತು. ಅದೇ ವರ್ಷದ ನವೆಂಬರಿನಲ್ಲಿ ದರ ಶೇ. 18ಕ್ಕೆ ಇಳಿದ ಮೇಲೂ ಚಾಳಿ ಹೋಗಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಚೀಟಿಯಲ್ಲಿ ಮಾರಿದವರಿಗೆ ವಿವಾದ ಬಂದಾಗ ತಮ್ಮ ಪರವಾಗಿ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ತಾವು ಸರಿಯಾದ ಕಲ್ಲನ್ನೇ ಕೊಟ್ಟಿದ್ದರೂ ಅದನ್ನು ಸಾಧಿಸಲಾರರು.

ಆಗಬೇಕಾದ ಕೆಲಸ ದೊಡ್ಡದಲ್ಲ. ಬಿಲ್ಲಿನಲ್ಲಿ ಐದು ವಿವರಗಳಿಗೆ ಜಾಗವಿದ್ದರೆ ಸಾಕು: ಕಲ್ಲಿನ ಜಾತಿ, ಅದು ಬಂದ ಪ್ರದೇಶ, ಅಳೆದು ನೋಡಿದ ದಪ್ಪ, ರೆಸಿನ್ ಅಥವಾ ಬಣ್ಣದ ಸಂಸ್ಕರಣೆ ಆಗಿದೆಯೇ ಎಂಬುದು, ಸೀಲರ್ ಬೇಕೇ ಎಂಬುದು. ಹಲಗೆಯ ಕೊಯ್ದುಳಿದ ಒಂದು ತುಂಡನ್ನು ಗ್ರಾಹಕರ ಸಹಿಯೊಡನೆ ಅಂಗಡಿಯಲ್ಲಿಯೂ ಇನ್ನೊಂದನ್ನು ಗ್ರಾಹಕರ ಕೈಯಲ್ಲಿಯೂ ಉಳಿಸಿದರೆ ಮುಂದಿನ ವಾದವಿವಾದಗಳ ಮುಕ್ಕಾಲು ಪಾಲು ಅಲ್ಲಿಗೇ ತೀರುತ್ತದೆ. ಒಬ್ಬಿಬ್ಬರು ವರ್ತಕರು ಮಾತ್ರ ಇದನ್ನು ಆರಂಭಿಸಿದರೆ ಅವರ ದರವೇ ಹೆಚ್ಚಾಗಿ ಕಾಣುವ ಸಂಭವವಿದೆ. ಆದ್ದರಿಂದ ಜಿಲ್ಲಾ ಮಟ್ಟದ ವಾಣಿಜ್ಯ ಸಂಸ್ಥೆಗಳು ಕಲ್ಲು ವರ್ತಕರನ್ನೂ ಪಾಲಿಶ್ ಘಟಕಗಳವರನ್ನೂ ಒಂದೆಡೆ ಕೂರಿಸಿ ಬಿಲ್ಲಿನ ಸಾಮಾನ್ಯ ನಮೂನೆಯೊಂದನ್ನು ಒಪ್ಪಿಸುವುದು ಸೂಕ್ತ. ದಪ್ಪದ ವಿಷಯದಲ್ಲಿ ಎಷ್ಟು ಮಿಲಿಮೀಟರ್ ಹೆಚ್ಚುಕಡಿಮೆಗೆ ಅವಕಾಶವಿರಬೇಕೆಂಬುದು ಆ ಸಭೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಬರುವ ಅಂಶ. ಅದನ್ನು ಮೊದಲ ಸಭೆಯಲ್ಲಿಯೇ ಎತ್ತಿಕೊಳ್ಳುವುದು ಮೇಲು.